ಎರಡು ಅಳತೆ ಬೇಡ, ಮಕ್ಕಳೇ

ಹೊಣಕೆರೆ ಹೋಬಳಿಯ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಬೇಕು ಅನ್ನಿಸಿ ಬಹಳ ದಿನವಾಯಿತು. ಮತದಾರರ ಪಟ್ಟಿಗೆ ಈಗಷ್ಟೇ ಹೆಸರು ಸೇರಿಸಿದವರಿದ್ದೀರಿ, ಮುಖಂಡರ ಹಿಂದೆ ಬಾವುಟ ಕಟ್ಟಿಕೊಂಡು ಬೈಕಿನಲ್ಲಿ ಸುತ್ತುವವರಿದ್ದೀರಿ, ರಾಜಕೀಯದ ಗೊಡವೆಯೇ ಬೇಡ ಎಂದು ಬೆಂಗಳೂರಿಗೆ ಕೆಲಸಕ್ಕೆ ಹೋದವರೂ ಇದ್ದೀರಿ. ಎಲ್ಲರೂ ಸ್ವಲ್ಪ ಹೊತ್ತು ಕೂತು ಕೇಳಿ.

ವಿಧಾನಸಭೆಯಲ್ಲಿ ಬಹುಮತ ಯಾರದು ಎಂಬ ಜಗಳ ವಿಧಾನಸೌಧದವರ ಜಗಳ, ನಮಗೇನು ಎನ್ನಬೇಡಿ. ನಮ್ಮ ಸುತ್ತಮುತ್ತಲ ನಾಗಮಂಗಲ, ಪಾಂಡವಪುರ, ಕೆ.ಆರ್.ಪೇಟೆ, ಶ್ರೀರಂಗಪಟ್ಟಣ, ಈ ನಾಲ್ಕು ತಾಲೂಕುಗಳನ್ನೇ ತೆಗೆದುಕೊಳ್ಳಿ. ಮೂರೇ ವರ್ಷದ ಅಂತರದಲ್ಲಿ ಇಲ್ಲಿನ ಮೂವರು ಶಾಸಕರು ಗೆದ್ದ ಪಕ್ಷದ ಜೊತೆ ಮುರಿದುಕೊಂಡು ಆಚೆ ಬಂದರು. ಇಷ್ಟು ಹತ್ತಿರದಿಂದ ಇದನ್ನು ನೋಡಿದ ಜನ ರಾಜ್ಯದಲ್ಲಿ ಹೆಚ್ಚಿಲ್ಲ. ಹಾಗಾಗಿ ಇದರ ಬಗ್ಗೆ ಮಾತಾಡುವ ಜವಾಬ್ದಾರಿಯೂ ನಮಗೆ ಹೆಚ್ಚು.

ಆಗ ನೀವು ಚಿಕ್ಕವರು, ಅದಕ್ಕೆ ಮೊದಲಿನಿಂದ ಹೇಳುತ್ತೇನೆ. 2016ರ ಜೂನ್‌ನಲ್ಲಿ ರಾಜ್ಯಸಭೆಗೆ ಚುನಾವಣೆ ನಡೆಯಿತು. ಜೆಡಿಎಸ್‌ನ ಎಂಟು ಶಾಸಕರು ತಮ್ಮ ಪಕ್ಷದ ಅಭ್ಯರ್ಥಿಯನ್ನು ಬಿಟ್ಟು ಕಾಂಗ್ರೆಸ್‌ನ ಅಭ್ಯರ್ಥಿಗೆ ಮತ ಹಾಕಿದರು. ನಾಗಮಂಗಲದ ಎನ್. ಚೆಲುವರಾಯಸ್ವಾಮಿ ಮತ್ತು ಶ್ರೀರಂಗಪಟ್ಟಣದ ರಮೇಶ ಬಂಡಿಸಿದ್ದೇಗೌಡ ಆ ಎಂಟರಲ್ಲಿದ್ದರು. ಪಕ್ಷ ಅವರನ್ನು ಅಮಾನತು ಮಾಡಿತು, ಅನರ್ಹಗೊಳಿಸಿ ಎಂದು ಸ್ಪೀಕರ್‌ಗೆ ದೂರು ಕೊಟ್ಟಿತು. ಆ ದೂರು ಕಾಲಕ್ಕೆ ಸರಿಯಾಗಿ ತೀರ್ಮಾನವಾಗಲಿಲ್ಲ. ಹೆಸರಿಗೆ ಒಂದು ಪಕ್ಷ, ಮನಸ್ಸು ಇನ್ನೊಂದರಲ್ಲಿ, ಹೀಗೆಯೇ ಅವಧಿ ಸವೆಯಿತು. 2018ರ ಮಾರ್ಚ್‌ನಲ್ಲಿ, ಚುನಾವಣೆ ಹೊಸ್ತಿಲಿಗೆ ಬಂದ ಮೇಲೆ, ಈ ಇಬ್ಬರೂ ರಾಜೀನಾಮೆ ಕೊಟ್ಟು ಕಾಂಗ್ರೆಸ್ ಸೇರಿದರು. ಮೇ ತಿಂಗಳಲ್ಲಿ ಜನ ಇಬ್ಬರನ್ನೂ ಸೋಲಿಸಿದರು. ಮಂಡ್ಯ ಜಿಲ್ಲೆಯ ಏಳಕ್ಕೆ ಏಳು ಕ್ಷೇತ್ರವೂ ಜೆಡಿಎಸ್ ಪಾಲಾಯಿತು.

ಆ ಏಳರಲ್ಲಿ ಕೆ.ಆರ್.ಪೇಟೆಯ ಕೆ.ಸಿ. ನಾರಾಯಣಗೌಡರೂ ಒಬ್ಬರು. ರಾಜ್ಯದಲ್ಲಿ ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಯಾರಿಗೂ ಬಹುಮತವಿಲ್ಲ. ಮೇ 17ಕ್ಕೆ ಪ್ರಮಾಣ ವಚನ ಸ್ವೀಕರಿಸಿದ ಬಿಜೆಪಿಯ ಯಡಿಯೂರಪ್ಪನವರು 19ಕ್ಕೆ ರಾಜೀನಾಮೆ ಕೊಟ್ಟರು. 23ಕ್ಕೆ ಕಾಂಗ್ರೆಸ್ ಜೊತೆಗೂಡಿ ಜೆಡಿಎಸ್‌ನ ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾದರು. ಹದಿನಾಲ್ಕು ತಿಂಗಳು ಕಳೆದು 2019ರ ಜುಲೈ ಬಂತು. ಎರಡೂ ಮಿತ್ರಪಕ್ಷಗಳ ಶಾಸಕರು ಒಬ್ಬರ ಹಿಂದೊಬ್ಬರು ರಾಜೀನಾಮೆ ಬರೆದು ಮುಂಬೈ ಹೋಟೆಲಿಗೆ ಹೋಗಿ ಕೂತರು. ಅವರ ಜೊತೆ ನಮ್ಮ ಪಕ್ಕದ ಕೆ.ಆರ್.ಪೇಟೆಯವರೂ ಇದ್ದರು. ಸರ್ಕಾರ ತಮ್ಮ ಕ್ಷೇತ್ರಗಳನ್ನು ಕಡೆಗಣಿಸಿತು ಎಂಬುದು ಹೋದವರು ಕೊಟ್ಟ ಕಾರಣ. ಹಲವರ ಪತ್ರ ಕ್ರಮಬದ್ಧವಾಗಿಲ್ಲ ಎಂದು ಸ್ಪೀಕರ್ ರಮೇಶ್ ಕುಮಾರ್ ಹೇಳಿದರು. ಸುಪ್ರೀಂ ಕೋರ್ಟ್ ಆದೇಶದಂತೆ ಆ ಶಾಸಕರು ಜುಲೈ 11ರ ಸಂಜೆ ವಿಶೇಷ ವಿಮಾನದಲ್ಲಿ ಬಂದಿಳಿದು ಮತ್ತೆ ರಾಜೀನಾಮೆ ಬರೆದುಕೊಟ್ಟು, ಅದೇ ರಾತ್ರಿ ಮುಂಬೈಗೆ ಮರಳಿದರು. ಹೊತ್ತು ಮೀರುತ್ತದೆಂದು ವಿಧಾನಸೌಧದ ಮೊಗಸಾಲೆಯಲ್ಲಿ ಶಾಸಕರೊಬ್ಬರು ಓಡಿದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. ನೋಡುತ್ತಾ ನನಗೆ ಸಂಕಟವಾಯಿತು. ಸಾವಿರಾರು ಜನರ ಮತ ಹೊತ್ತ ಮನುಷ್ಯ ಆ ಮತದಿಂದ ಬಿಡುಗಡೆಗಾಗಿ ಓಡುತ್ತಿದ್ದರು.

ಜುಲೈ 23ರಂದು ವಿಶ್ವಾಸಮತ ನಿರ್ಣಯವನ್ನು ಮತಕ್ಕೆ ಹಾಕಿದಾಗ ಸರ್ಕಾರದ ಪರ 99, ವಿರುದ್ಧ 105. ಇದರ ಲೆಕ್ಕವನ್ನು ಬಿಡಿಸಿ ನೋಡಿ. 224 ಸ್ಥಾನದ ಸಭೆಯಲ್ಲಿ 105 ಬಹುಮತವಲ್ಲ, 113 ಬೇಕು. ವಿರೋಧ ಪಕ್ಷದ ಸಂಖ್ಯೆ 113ಕ್ಕೆ ಏರದೆಯೇ ಸರ್ಕಾರ ಬಿತ್ತು. ಸಭೆಗೆ ಬಂದವರೇ ಕಡಿಮೆಯಾದ್ದರಿಂದ ಬಹುಮತದ ಗೆರೆಯೂ ಕೆಳಗಿಳಿಯಿತು. ಪಕ್ಷದ ಆದೇಶವನ್ನು, ಅಂದರೆ ವಿಪ್ಪನ್ನು, ಮೀರಿ ಮತ ಹಾಕಿದರೆ ಸ್ಥಾನ ಹೋಗುತ್ತದೆ ಎಂದು 1985ರಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ತಂದರು. ಮೂರನೇ ಒಂದರಷ್ಟು ಜನ ಒಡೆದು ಹೋಗಬಹುದೆಂಬ ವಿನಾಯಿತಿಯನ್ನು 2003ರಲ್ಲಿ ತೆಗೆದರು. ಒಂದು ಬಾಗಿಲು ಮುಚ್ಚಿದಾಗ ರಾಜೀನಾಮೆಯೆಂಬ ಇನ್ನೊಂದು ಬಾಗಿಲು ಕಂಡಿತು. ಸ್ಪೀಕರ್ ಹದಿನೇಳು ಮಂದಿಯನ್ನು ಅನರ್ಹಗೊಳಿಸಿ, ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಅವಧಿ ಗೊತ್ತುಮಾಡುವ ಅಧಿಕಾರ ಸ್ಪೀಕರ್‌ಗೆ ಇಲ್ಲವೆಂದು ಸ್ಪರ್ಧೆಗೆ ದಾರಿ ಬಿಟ್ಟಿತು. ಡಿಸೆಂಬರ್ 5ಕ್ಕೆ ಉಪಚುನಾವಣೆ. ನಾರಾಯಣಗೌಡರು ಬಿಜೆಪಿಯಿಂದ ನಿಂತು ಗೆದ್ದರು, ಆಮೇಲೆ ಮಂತ್ರಿಯಾದರು. ಅಷ್ಟರಲ್ಲಿ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಹುಟ್ಟಿದ್ದು ಅದೇ ಕೆ.ಆರ್.ಪೇಟೆಯ ಬೂಕನಕೆರೆಯಲ್ಲಿ. ಊರ ಮಗನ ಕೈ ಬಲಪಡಿಸಬೇಕು ಎಂಬ ಮಾತು ಆ ಚುನಾವಣೆಯಲ್ಲಿ ಬಹಳ ಓಡಾಡಿತು.

ಇನ್ನು ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ.

2016ರಲ್ಲಿ ಬಂಡಾಯ ಎದ್ದವರನ್ನು ಪಕ್ಷದ್ರೋಹಿ ಎಂದು ಬೈದವರ ಪೈಕಿ ಕೆಲವರು 2019ರ ಜುಲೈನಲ್ಲಿ ‘ಕ್ಷೇತ್ರದ ಅಭಿವೃದ್ಧಿಗೆ ತಾನೆ ಹೋಗಿದ್ದು’ ಎಂದರು. 2016ರಲ್ಲಿ ‘ಸ್ವಾಭಿಮಾನಕ್ಕೆ ಪೆಟ್ಟು ಬಿದ್ದಾಗ ಆಚೆ ಬರದೆ ಇನ್ನೇನು ಮಾಡ್ತಾರೆ’ ಎಂದವರು 2019ರಲ್ಲಿ ಪ್ರಜಾಪ್ರಭುತ್ವದ ಕೊಲೆಯಾಯಿತು ಎಂದು ಕೂಗಿದರು. ಒಂದೇ ಟೀ ಅಂಗಡಿಯ ಒಂದೇ ಬೆಂಚಿನ ಮೇಲೆ ಕೂತು ಆಡಿದ ಮಾತುಗಳಿವು. ಆಡಿದವರು ಕೆಟ್ಟವರಲ್ಲ, ಕಷ್ಟಕ್ಕೆ ಆಗುವ ಜನ. ಆದರೆ ‘ನಮ್ಮೋರು’ ಎಂಬುದು ಬಂದ ಕೂಡಲೇ ಅವರ ಕೈಯಲ್ಲಿನ ಅಳತೆ ಬದಲಾಯಿತು. ರಾಗಿ ಕೊಳ್ಳುವಾಗ ಒಂದು ಸೇರು, ಮಾರುವಾಗ ಒಂದು ಸೇರು ಇಟ್ಟುಕೊಂಡವನನ್ನು ನಮ್ಮ ಹಿರಿಯರು ಕಣದ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಮತದ ವಿಷಯದಲ್ಲಿ ನಾವೇ ಎರಡು ಸೇರು ಇಟ್ಟುಕೊಂಡಿದ್ದೇವೆ.

ನೀವು ಹಾಗಾಗಬೇಡಿ. ಯಾವ ಪಕ್ಷಕ್ಕೆ ಬೇಕಾದರೂ ದುಡಿಯಿರಿ, ಯಾವ ನಾಯಕನನ್ನಾದರೂ ಪ್ರೀತಿಸಿ, ಅದು ನಿಮ್ಮ ಹಕ್ಕು. ಆದರೆ ಒಬ್ಬ ಶಾಸಕ ಗೆದ್ದ ಗುರುತನ್ನು ಬಿಟ್ಟ ಸುದ್ದಿ ಬಂದಾಗ, ಆತನ ಪಕ್ಷ ಯಾವುದು, ಜಾತಿ ಯಾವುದು ಎಂದು ನೋಡುವ ಮೊದಲು ಒಂದಿಷ್ಟು ಕೇಳಿಕೊಳ್ಳಿ. ಬಿಟ್ಟ ಕಾರಣವನ್ನು ಕ್ಷೇತ್ರಕ್ಕೆ ಬಂದು ಜನರ ಎದುರು ಹೇಳಿದನೇ? ಅದೇ ಕಾರಣವನ್ನು ಅದಕ್ಕೆ ಮುಂಚೆ ಸದನದಲ್ಲಿ ಒಮ್ಮೆಯಾದರೂ ಎತ್ತಿದ್ದನೇ? ಬಿಟ್ಟ ದಿನವೇ ಸ್ಥಾನವನ್ನೂ ಬಿಟ್ಟನೇ, ಅಥವಾ ಸ್ಥಾನ ಇಟ್ಟುಕೊಂಡು ಮನಸ್ಸು ಮಾತ್ರ ಬೇರೆ ಕಡೆ ಕೊಟ್ಟನೇ? ಆ ದಿನಗಳಲ್ಲಿ ಆತ ಎಲ್ಲಿದ್ದ, ಊರಲ್ಲೋ ಹೋಟೆಲಲ್ಲೋ? ಇದೇ ಪ್ರಶ್ನೆಗಳನ್ನು ಎದುರು ಪಾರ್ಟಿಯವನಿಗೂ ಕೇಳಿ, ನಿಮ್ಮವನಿಗೂ ಕೇಳಿ. ಮನಸ್ಸು ಬದಲಾಯಿಸುವುದೇ ಪಾಪ ಎಂದು ನಾನು ಹೇಳುವುದಿಲ್ಲ. ನಂಬಿದ ಪಕ್ಷ ದಾರಿ ತಪ್ಪಿದಾಗ ಎದ್ದು ಬರುವುದಕ್ಕೂ ಎದೆಗಾರಿಕೆ ಬೇಕು. ಹಾಗೆ ಬರುವವನು ಹಗಲಲ್ಲಿ ಬರಬೇಕು, ಕಳಿಸಿಕೊಟ್ಟ ಜನರ ಮುಖ ನೋಡಿ ಬರಬೇಕು.

‘ಸೋಲಿಸಿದ್ದೇವಲ್ಲ, ಲೆಕ್ಕ ಸರಿಹೋಯಿತು’ ಎಂದು ನಿಮ್ಮಲ್ಲಿ ಕೆಲವರು ಹೇಳುತ್ತೀರಿ. ಸರಿಹೋಗಿಲ್ಲ. 2018ರಲ್ಲಿ ಸೋತ ಚೆಲುವರಾಯಸ್ವಾಮಿ, ಬಂಡಿಸಿದ್ದೇಗೌಡ ಇಬ್ಬರೂ 2023ರಲ್ಲಿ ಕಾಂಗ್ರೆಸ್‌ನಿಂದ ಗೆದ್ದರು. 2019ರಲ್ಲಿ ಗೆದ್ದ ನಾರಾಯಣಗೌಡರು 2023ರಲ್ಲಿ ಸೋತರು. ಪಕ್ಷ ಬಿಟ್ಟಿದ್ದಕ್ಕೆ ಜನ ಶಿಕ್ಷೆ ಕೊಟ್ಟರೋ, ಕ್ಷಮಿಸಿದರೋ, ಮರೆತರೋ, ಇಲ್ಲ ಆ ಸಲದ ಗಾಳಿ ಹಾಗಿತ್ತೋ? ಫಲಿತಾಂಶ ನೋಡಿ ಯಾರೂ ಹೇಳಲಾರರು. ಒಂದು ಗುಂಡಿಯಲ್ಲಿ ರಸ್ತೆ, ನೀರು, ಜಾತಿ, ಅಭಿಮಾನ, ಸಿಟ್ಟು ಎಲ್ಲವನ್ನೂ ಒತ್ತಿಬಿಡುತ್ತೇವೆ. ಅದಕ್ಕೇ ಚುನಾವಣೆಗೆ ಕಾಯದೆ, ನಡುವಿನ ಐದು ವರ್ಷ ಬಾಯಿಬಿಟ್ಟು ಕೇಳುವ ರೂಢಿ ಬೇಕು.

ಈ ಜಗಳದಲ್ಲಿ ಬಡವರಿಗೆ ಏನು ನಷ್ಟ ಎಂದು ಕೇಳಿದರೆ ಸರ್ಕಾರ ಬಿದ್ದ ಆ ವರ್ಷದ ಬೇಸಿಗೆ ಮಳೆಗಾಲಗಳನ್ನು ನೆನಪಿಸಿಕೊಳ್ಳಿ. 2019ರ ಜೂನ್‌ನಲ್ಲಿ ಮಂಡ್ಯದ ರೈತರು ನಿಂತ ಬೆಳೆಗೆ ನೀರು ಬಿಡಿ ಎಂದು ಧರಣಿ ಕೂತಿದ್ದರು. ಜುಲೈ ಪೂರ್ತಿ ಸರ್ಕಾರ ಉಳಿಯುತ್ತದೋ ಉರುಳುತ್ತದೋ ಎಂಬುದರಲ್ಲೇ ಹೋಯಿತು. ಜುಲೈ 26ಕ್ಕೆ ಯಡಿಯೂರಪ್ಪನವರು ಪ್ರಮಾಣ ಸ್ವೀಕರಿಸಿದರು, ಮಂತ್ರಿಮಂಡಲ ಬಂದದ್ದು ಆಗಸ್ಟ್ 20ಕ್ಕೆ. ಆ ನಡುವೆ ಉತ್ತರ ಕರ್ನಾಟಕದಲ್ಲಿ ಊರಿಗೆ ಊರೇ ಪ್ರವಾಹದಲ್ಲಿ ಮುಳುಗಿತು. ಜಿಲ್ಲೆಗೊಬ್ಬ ಮಂತ್ರಿ ನಿಂತು ನೋಡಬೇಕಾದ ಕಷ್ಟವನ್ನು ಮುಖ್ಯಮಂತ್ರಿ ಒಬ್ಬರೇ ಸುತ್ತಿ ನೋಡಬೇಕಾಯಿತು. ಯಾರಿಗೆ ಯಾವ ಖಾತೆ ಎಂಬುದು ಬಗೆಹರಿಯುವವರೆಗೆ ಹೊಳೆ ಕಾಯುವುದಿಲ್ಲ.

ಅಳತೆಯ ಮಾತು ಎತ್ತಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಬಹುಮತವನ್ನು ಅಳೆಯಬೇಕಾದ ಜಾಗ ಯಾವುದು ಎಂದು ಇಡೀ ದೇಶಕ್ಕೆ ತಿಳಿಸಿಕೊಟ್ಟದ್ದು ನಮ್ಮ ಕರ್ನಾಟಕದ್ದೇ ಪ್ರಕರಣ. ಇದನ್ನು ನೀವು ಹೆಮ್ಮೆಯಿಂದ ತಿಳಿದಿರಬೇಕು. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಜನತಾದಳದ ಶಾಸಕರೊಬ್ಬರು ಹತ್ತೊಂಬತ್ತು ಪತ್ರಗಳನ್ನು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈಗಿಟ್ಟರು. ಸಹಿ ಹಾಕಿದ ಶಾಸಕರು ಬೆಂಬಲ ವಾಪಸ್ ಪಡೆದಿದ್ದಾರೆ ಎಂದು ಅವುಗಳಲ್ಲಿತ್ತು. ಮಾರನೆಯ ದಿನವೋ ಅದರ ಮಾರನೆಯ ದಿನವೋ ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಪ್ಪು ಹೇಳಿ ನಮ್ಮ ಸಹಿ ಪಡೆದರು, ನಾವು ಸರ್ಕಾರದ ಜೊತೆಗೇ ಇದ್ದೇವೆ ಎಂದು ಬರೆದುಕೊಟ್ಟರು. ಬೇಕಾದರೆ ಅಧಿವೇಶನವನ್ನು ಬೇಗನೇ ಕರೆಯಿರಿ, ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿಯವರು ಕೇಳಿಕೊಂಡರು. ರಾಜ್ಯಪಾಲರು ಒಪ್ಪಲಿಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಬೊಮ್ಮಾಯಿಯವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು: ಸರ್ಕಾರಕ್ಕೆ ಬಹುಮತ ಇದೆಯೇ ಇಲ್ಲವೇ ಎಂಬುದು ರಾಜಭವನದ ಕೋಣೆಯಲ್ಲಿ ತೀರ್ಮಾನವಾಗುವುದಲ್ಲ, ಸದನದಲ್ಲಿ ಆಗಬೇಕಾದದ್ದು. ಐದು ವರ್ಷ ತಡವಾಗಿ ಬಂದ ಆ ತೀರ್ಪಿನಿಂದ ಬೊಮ್ಮಾಯಿಯವರಿಗೆ ಕುರ್ಚಿಯೇನೂ ಮರಳಲಿಲ್ಲ. ಆದರೆ ಅಲ್ಲಿಂದೀಚೆಗೆ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಿದರೂ ವಕೀಲರು ಮೊದಲು ಹಿಡಿಯುವುದು ಅವರ ಹೆಸರಿನ ತೀರ್ಪನ್ನೇ.

ಕಾನೂನು ಓದುವ ಮಕ್ಕಳು ನಿಮ್ಮಲ್ಲಿ ಈಗ ಹಲವರಿದ್ದೀರಿ. ಆ ತೀರ್ಪನ್ನು ಪರೀಕ್ಷೆಗೆ ಓದಿ ಮರೆಯಬೇಡಿ, ಊರಿನವರಿಗೆ ಕನ್ನಡದಲ್ಲಿ ಹೇಳಿ. ಅನರ್ಹತೆಯ ದೂರನ್ನು ಸ್ಪೀಕರ್ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಮುಗಿಸಬೇಕು ಎಂದು 2020ರ ಜನವರಿಯಲ್ಲಿ ಮಣಿಪುರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಅದನ್ನೂ ಹೇಳಿ. ನಾಗಮಂಗಲ, ಶ್ರೀರಂಗಪಟ್ಟಣದ ಜನ ಹೆಚ್ಚುಕಡಿಮೆ ಎರಡು ವರ್ಷ ತಮ್ಮ ಶಾಸಕರು ಯಾವ ಪಕ್ಷದವರು ಎಂದು ತಿಳಿಯದೆ ಇದ್ದರಲ್ಲ, ಅಂಥ ಸ್ಥಿತಿ ಇನ್ನೊಮ್ಮೆ ಬಂದರೆ ಮೂರು ತಿಂಗಳಾಯಿತು, ಏನು ಮಾಡಿದಿರಿ ಎಂದು ಕೇಳುವವರು ಇಲ್ಲಿಂದಲೇ ಏಳಬೇಕು. ಸದನದ ಕಲಾಪವನ್ನು ಈಗ ಮೊಬೈಲಿನಲ್ಲೇ ನೋಡಬಹುದು. ರೀಲ್ಸ್ ನೋಡುವ ಹೊತ್ತಿನಲ್ಲಿ ಒಂದಿಷ್ಟನ್ನು ಅದಕ್ಕೂ ಕೊಡಿ. ನಮ್ಮವರು ಅಲ್ಲಿ ಎದ್ದು ನಿಂತು ಏನು ಕೇಳಿದರು ಎಂದು ನೀವು ಗಮನಿಸುತ್ತೀರಿ ಎಂಬುದು ಅವರಿಗೆ ಗೊತ್ತಾಗಲಿ.

ಈಗ ನಿಮ್ಮ ಕೈಯಲ್ಲೇ ಇರುವ ವಿಷಯ. ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಗುರುತಿಲ್ಲ, ವಿಪ್ ಇಲ್ಲ. ಆದರೂ ಅಧ್ಯಕ್ಷ ಉಪಾಧ್ಯಕ್ಷರ ಆಯ್ಕೆ ಹತ್ತಿರ ಬಂತೆಂದರೆ ರಾಜ್ಯದ ಎಷ್ಟೋ ಕಡೆ ಸದಸ್ಯರನ್ನು ‘ಟೂರ್’ ಕರೆದುಕೊಂಡು ಹೋಗುತ್ತಾರೆ. ಟೆಂಪೋ ಟ್ರಾವೆಲರ್ ಬರುತ್ತದೆ, ಫೋನು ಸ್ವಿಚ್ ಆಫ್ ಆಗುತ್ತದೆ, ಎರಡು ಮೂರು ದಿನ ದೇವಸ್ಥಾನ, ಲಾಡ್ಜು ಎಂದು ಸುತ್ತಿಸಿ, ಚುನಾವಣೆಯ ಬೆಳಿಗ್ಗೆ ನೇರವಾಗಿ ಪಂಚಾಯಿತಿ ಕಚೇರಿಯ ಬಾಗಿಲಿಗೇ ತಂದು ಇಳಿಸುತ್ತಾರೆ. ಸದಸ್ಯೆಯಾದರೆ ಆಕೆಯ ಪರವಾಗಿ ಮಾತು ಮುಗಿಸಿದವನು ಗಂಡನೋ ಮೈದುನನೋ ಆಗಿರುತ್ತಾನೆ. ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೆ ಮೀಸಲಿಟ್ಟ ರಾಜ್ಯದಲ್ಲಿ ಇದು ನನ್ನನ್ನು ಬಹಳ ನೋಯಿಸುತ್ತದೆ. ಮುಂಬೈ ಹೋಟೆಲನ್ನು ಟಿವಿಯಲ್ಲಿ ನೋಡಿ ಛೀ ಎಂದವರೇ ಆ ಗಾಡಿಗೆ ಡೀಸೆಲ್ ಹಾಕಿಸುತ್ತಾರೆ. ಆ ಗಾಡಿ ಓಡಿಸುವವರು, ಊಟ ತಂದುಕೊಡುವವರು, ಬಾಗಿಲಲ್ಲಿ ಕಾವಲು ನಿಲ್ಲುವವರು ನಿಮ್ಮ ವಯಸ್ಸಿನ ಹುಡುಗರು. ಖರ್ಚಿಗೆ ಕಾಸು ಸಿಗುತ್ತದೆ, ಮುಖಂಡರ ಪರಿಚಯವಾಗುತ್ತದೆ, ಗೊತ್ತು. ಆದರೂ ಕೈ ಮುಗಿದು ಕೇಳುತ್ತೇನೆ, ಆ ಗಾಡಿಯ ಸ್ಟಿಯರಿಂಗ್ ಹಿಡಿಯಬೇಡಿ. ಹತ್ತಿಸಿಕೊಂಡು ಹೋಗುವವರು ನಿಮ್ಮ ಸ್ವಂತ ಚಿಕ್ಕಪ್ಪನೇ ಆಗಿದ್ದರೂ ಹಿಡಿಯಬೇಡಿ.

ಮುಂದಿನ ಪಂಚಾಯಿತಿ ಚುನಾವಣೆಗೆ ಮತ ಕೇಳಲು ಮನೆಬಾಗಿಲಿಗೆ ಬರುತ್ತಾರಲ್ಲ, ಆಗ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ಪ್ರಶ್ನೆ ಕೇಳಿ: ಅಧ್ಯಕ್ಷರ ಆಯ್ಕೆಯ ಹಿಂದಿನ ರಾತ್ರಿ ನೀವು ನಿಮ್ಮ ಮನೆಯಲ್ಲೇ ಇರುತ್ತೀರಾ? ಹೌದು ಎಂದವರ ಮಾತನ್ನು ನಾಲ್ಕು ಜನರ ಮುಂದೆ ಹೇಳಿಸಿ. ಆ ರಾತ್ರಿ ಬಂದಾಗ ಅವರ ಮನೆಗೆ ಹೋಗಿ ಮಾತಾಡಿಸಿಕೊಂಡು ಬನ್ನಿ. ಒಬ್ಬೊಬ್ಬರೇ ಹೋಗಬೇಡಿ. ನಿಮಗೆ ಸೇರದ ಪಾರ್ಟಿಯ ಹುಡುಗನನ್ನೂ ಜೊತೆಗೆ ಕರೆದುಕೊಳ್ಳಿ, ಮೊದಲು ನಿಮ್ಮ ಕಡೆಯ ಸದಸ್ಯರ ಮನೆಗೇ ಹೋಗಿ.