ಮಠಜೀವನದಲ್ಲಿ ಕಾಯಕದ ಸ್ಥಾನ

ಮಠವೆಂದೊಡನೆ ಪೂಜೆ, ಪುರಾಣ, ಪ್ರಸಾದಗಳು ನಮ್ಮ ಮನಸ್ಸಿಗೆ ಬರುತ್ತವೆ. ಆ ಪ್ರಸಾದಕ್ಕಾಗಿ ನೆಲವನ್ನು ಉತ್ತವರಾರು, ನೀರು ಹೊತ್ತವರಾರು, ಒಲೆಯ ಮುಂದೆ ಕುಳಿತವರಾರು ಎಂದು ವಿಚಾರಿಸುವವರು ವಿರಳ. ಆದರೆ ಈ ಪ್ರಶ್ನೆಯನ್ನು ಕೇಳದೆ ಮಠದ ಮರ್ಮವನ್ನು ಅರಿಯಲಾಗದು.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವೆಂಬ ಕಾಳಾಮುಖ ಶೈವರ ಮಠವಿದ್ದಿತು. ಬಿಜ್ಜಳನ ಕಾಲದ, 1162ರ ಶಾಸನವೊಂದು ಅದನ್ನು ವರ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ಷಡ್ದರ್ಶನ, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕಗಳ ವ್ಯಾಸಂಗ ನಡೆಯುತ್ತಿತ್ತು. ದೀನರಿಗೂ ಕುರುಡ ಕುಂಟರಿಗೂ ಗಾಯಕ ನರ್ತಕರಿಗೂ ಜೈನ ಬೌದ್ಧ ಭಿಕ್ಷುಗಳಿಗೂ ಅನ್ನ ದೊರೆಯುತ್ತಿತ್ತು. ಅನಾಥ ರೋಗಿಗಳಿಗೆ ಚಿಕಿತ್ಸೆಯೂ ಉಂಟು. ಮತಭೇದವನ್ನೆಣಿಸದ ಇಂತಹ ಅನ್ನದಾನ ಯಾವ ನಾಡಿಗಾದರೂ ಹೆಮ್ಮೆಯೇ. ಆದರೆ ಆ ಮಠಕ್ಕೆ ಆಧಾರವಾದುದು ದತ್ತಿಯ ಭೂಮಿ. ಓದಿದವರ ಕೀರ್ತಿ ಕಲ್ಲಿನಲ್ಲಿ ನಿಂತಿತು. ಅಟ್ಟವರ ಹೆಸರು ನಿಲ್ಲಲಿಲ್ಲ.

ಯುರೋಪಿನ ಕ್ರೈಸ್ತ ಮಠಗಳಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ಮಾಂಟೆ ಕ್ಯಾಸಿನೊ ಎಂಬಲ್ಲಿ ಮಠ ಕಟ್ಟಿ, 73 ಅಧ್ಯಾಯಗಳ ನಿಯಮಗ್ರಂಥವನ್ನು ರಚಿಸಿದನು. ಅದರಂತೆ ಸನ್ಯಾಸಿಗಳಿಗೆ ಹಗಲು ಏಳು ಸಲ, ಇರುಳು ಒಂದು ಸಲ ಪ್ರಾರ್ಥನೆ. ನಡುವಣ ಹೊತ್ತಿನಲ್ಲಿ ಓದು ಮತ್ತು ಕೈದುಡಿಮೆ. ಅಡುಗೆಯ ಸರದಿ ವಾರಕ್ಕೊಬ್ಬರಂತೆ ಬರುತ್ತಿತ್ತು. ಸರದಿ ಮುಗಿಸಿದವನೂ ಹೊಸದಾಗಿ ಹಿಡಿಯುವವನೂ ಕೂಡಿ ಎಲ್ಲರ ಕಾಲುಗಳನ್ನು ತೊಳೆಯಬೇಕು. ಮಠದ ಉಪಕರಣಗಳನ್ನೆಲ್ಲ ಪೂಜಾಪಾತ್ರೆಗಳಂತೆ ಕಾಣಬೇಕೆಂಬುದು ಉಗ್ರಾಣದವನಿಗೆ ವಿಧಿಸಿದ ನಿಯಮ. ಗುದ್ದಲಿಗೂ ಗಿಂಡಿಗೂ ಒಂದೇ ಗೌರವ!

ಕಾಲ ಕಳೆದಂತೆ ಈ ನಿಯಮ ಸಡಿಲಿತು. 910ರಲ್ಲಿ ಫ್ರಾನ್ಸಿನಲ್ಲಿ ಸ್ಥಾಪಿತವಾದ ಕ್ಲೂನಿ ಮಠದಲ್ಲಿ ಪೂಜಾವಿಧಿಗಳು ಬೆಳೆದು, ಕೈದುಡಿಮೆ ಕ್ಷೀಣಿಸಿತು. ಇದನ್ನು ತಿದ್ದಬೇಕೆಂದು 1098ರಲ್ಲಿ ಸಿತೋ ಎಂಬಲ್ಲಿ ಹೊಸ ಮಠ ಹುಟ್ಟಿತು. ಆ ಪಂಥದವರು ಮತ್ತೆ ಹೊಲಕ್ಕಿಳಿದರು. ಆದರೆ ಬಹುಪಾಲು ದುಡಿಮೆಗಾಗಿ ಅಕ್ಷರವರಿಯದ ಸಹೋದರರ ಬೇರೊಂದು ವರ್ಗವನ್ನು ಇರಿಸಿಕೊಂಡರು. ಮಠಾಧಿಪತಿಯ ಆಯ್ಕೆಯಲ್ಲಿ ಇವರಿಗೆ ಮತವಿರಲಿಲ್ಲ. ಹೀಗೆ ಒಂದೇ ಮಠದಲ್ಲಿ ಹಾಡುವವರು ಮೇಲು, ಉಳುವವರು ಕೆಳಗು ಎಂಬ ಭೇದ ಬೇರೂರಿತು.

ಅದೇ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಭೇದದ ಬೇರಿಗೇ ಕೊಡಲಿಯಿಟ್ಟರು. ಕಾಯಕವನ್ನು ಅವರು ಮಠದ ಗೋಡೆಯೊಳಗೆ ಕಟ್ಟಿಹಾಕಲಿಲ್ಲ. ಮನೆ, ಮಗ್ಗ, ಹೊಲಗಳಿಗೆ ಒಯ್ದರು. ಕಾಯಕದಿಂದ ಗುರುವಿಗಾಗಲಿ ಜಂಗಮನಿಗಾಗಲಿ ವಿನಾಯಿತಿಯಿಲ್ಲವೆಂದರು. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಬಲ್ಲೆವಷ್ಟೆ. ಶುದ್ಧವಾದ ದುಡಿಮೆಯಿಂದ ಬಂದುದೇ ದಾಸೋಹಕ್ಕೆ ಸಲ್ಲತಕ್ಕದ್ದೆಂಬುದು ಅದರ ತಾತ್ಪರ್ಯ.

ನಮ್ಮ ಸೀಮೆಯಲ್ಲಿ ಈ ತತ್ತ್ವವು ಮಾತಾಗಿಯೇ ಉಳಿದಿಲ್ಲ. ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ, ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಅಲ್ಲಿ ವಟುಗಳ ಅಧ್ಯಯನದೊಡನೆ ಗೋಶಾಲೆಯೂ ವಿಭೂತಿಯ ತಯಾರಿಕೆಯೂ ಕೂಡಿಕೊಂಡವು. ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದ ರೈತರ ಮಕ್ಕಳೆಷ್ಟೋ ಮಂದಿ.

ಆದರೂ ಕ್ಲೂನಿಯ ದೋಷ ನಮ್ಮನ್ನು ಮುಟ್ಟದೆಂದು ನಿಶ್ಚಿಂತರಾಗಲಾಗದು. ಪಾವತಿ ಹರಿಸಿ ಮುಂದಿನ ಪಂಕ್ತಿಯಲ್ಲಿ ಕುಳಿತು ಏಳುವ ಭಕ್ತನಿಗೂ ಹಿತ್ತಲಲ್ಲಿ ಹಂಡೆ ತಿಕ್ಕುವವಳಿಗೂ ನಡುವೆ ಗೋಡೆಯೆದ್ದರೆ, ಅಲ್ಲಿ ನಡೆಯುವುದು ಊಟವಲ್ಲದೆ ದಾಸೋಹವಲ್ಲ. ಆದುದರಿಂದ ಗೃಹಸ್ಥರಾದ ನಾವು ಮಠಕ್ಕೆ ಹೋದಾಗ ಕಾಣಿಕೆಯೊಡನೆ ಕೈಗಳನ್ನೂ ಒಯ್ಯೋಣ. ಒಂದು ಹೊತ್ತು ಬಡಿಸೋಣ, ಒಂದು ಹೊತ್ತು ತಟ್ಟೆ ತೊಳೆಯೋಣ. ಮನೆಯಲ್ಲಿಯೂ ಒಲೆಯ ಕೆಲಸವನ್ನು ಹೆಂಗಸರ ಪಾಲಿಗಷ್ಟೇ ಬಿಡದಿರೋಣ. ಪೂಜಿಸುವ ಕೈಯೂ ದುಡಿಯುವ ಕೈಯೂ ಒಂದೇ ಆದಲ್ಲಿ ಮನೆಯೇ ಮಠವಾಗುವುದು.