ಮಳೆ ಬಂದರೂ ಸೊಳ್ಳೆ, ಬಾರದಿದ್ದರೂ ಸೊಳ್ಳೆ!

ಮಕ್ಕಳೇ, ನಿಮ್ಮ ತರಗತಿಯ ಭೂಪಟದಲ್ಲಿ ಭಾರತದ ದಕ್ಷಿಣ ತುದಿಯನ್ನು ಹುಡುಕಿ. ಅದರ ಪಕ್ಕದಲ್ಲೇ ಸಮುದ್ರದ ನಡುವೆ ಮಾವಿನಕಾಯಿಯ ಆಕಾರದ ಒಂದು ದ್ವೀಪ ಕಾಣುತ್ತದೆ. ಅದೇ ಶ್ರೀಲಂಕಾ. ಎತ್ತರದ ಬೆಟ್ಟಗಳನ್ನು ಬಿಟ್ಟರೆ ಅಲ್ಲಿ ವರ್ಷವಿಡೀ ಸೆಖೆ. ಹಾಗಾದರೆ ಸೊಳ್ಳೆಗಳು ಯಾವಾಗ ಹೆಚ್ಚಾಗುತ್ತವೆ? ‘ಮಳೆಗಾಲದಲ್ಲಿ’ ಎಂದು ನೀವು ಥಟ್ಟನೆ ಹೇಳುತ್ತೀರಿ, ಅಲ್ಲವೇ? 1934ರಲ್ಲಿ ಅಲ್ಲಿ ನಡೆದದ್ದನ್ನು ಕೇಳಿ.

ಆ ದ್ವೀಪದ ನೈರುತ್ಯ ಭಾಗದಲ್ಲಿ ಮಳೆ ಹೆಚ್ಚು. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮುಂಗಾರು ಸುರಿದು ನದಿಗಳು ತುಂಬಿ ಹರಿಯುತ್ತವೆ. ಅಲ್ಲಿ ಮಲೇರಿಯವನ್ನು ಹರಡುತ್ತಿದ್ದ ಅನಾಫಿಲಿಸ್ ಸೊಳ್ಳೆಗೆ ನಿಂತ ತಿಳಿನೀರು ಬೇಕು. ರಭಸವಾಗಿ ಹರಿಯುವ ನೀರು ಅದರ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ಆ ಭಾಗದಲ್ಲಿ ಮಲೇರಿಯ ಕಡಿಮೆಯೇ ಇತ್ತು. ಆದರೆ 1934ರಲ್ಲಿ ಮುಂಗಾರು ಕೈಕೊಟ್ಟಿತು. ನದಿಗಳು ಬತ್ತಿದವು. ಮರಳಿನ ನಡುವೆ, ಬಂಡೆಗಳ ಸಂದಿಯಲ್ಲಿ ಸಾವಿರಾರು ಸಣ್ಣ ಗುಂಡಿಗಳು ಉಳಿದವು. ಒಂದೊಂದು ಗುಂಡಿಯೂ ಸೊಳ್ಳೆಯ ತೊಟ್ಟಿಲಾಯಿತು! ಅಲ್ಲಿನ ಜನರಿಗೆ ಮಲೇರಿಯವನ್ನು ಎದುರಿಸುವ ಶಕ್ತಿ ಬೆಳೆದಿರಲಿಲ್ಲ. ಬರದಿಂದ ಹೊಟ್ಟೆಗೂ ಸಾಲದಾಗಿತ್ತು. 1935ರ ಬೇಸಿಗೆಯ ಹೊತ್ತಿಗೆ ಸುಮಾರು 80,000 ಜನ ಸತ್ತರು.

ಅಂದರೆ ಸೊಳ್ಳೆಯ ಕಾಲವನ್ನು ತಿಳಿಯಬೇಕಾದರೆ ಕ್ಯಾಲೆಂಡರ್ ಒಂದೇ ಸಾಲದು. ಆ ಸೊಳ್ಳೆಗೆ ಎಂಥ ನೀರು ಬೇಕು ಎಂಬುದನ್ನು ನೋಡಬೇಕು.

ಮುಂದಿನ ಕಥೆಯೂ ಕುತೂಹಲಕರ. ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ರೋಗ ಇಳಿಯುತ್ತಾ ಬಂತು. 1963ರಲ್ಲಿ ಇಡೀ ದೇಶದಲ್ಲಿ ಕಂಡ ಮಲೇರಿಯ ರೋಗಿಗಳು ಕೇವಲ 17. ರೋಗ ಹೋಯಿತೆಂದು ಎಚ್ಚರ ಸಡಿಲವಾಯಿತು. 1969ರಲ್ಲಿ ರೋಗಿಗಳ ಸಂಖ್ಯೆ ಐದು ಲಕ್ಷ ದಾಟಿತು! ಮತ್ತೆ ದಶಕಗಳ ದುಡಿಮೆ. ಜ್ವರ ಬಂದವರ ರಕ್ತ ಪರೀಕ್ಷೆ, ಕೂಡಲೇ ಔಷಧಿ, ಮಲಗಲು ಸೊಳ್ಳೆ ಪರದೆ. ಕೊನೆಗೆ 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶ್ರೀಲಂಕಾವನ್ನು ಮಲೇರಿಯ ಮುಕ್ತ ದೇಶವೆಂದು ಘೋಷಿಸಿತು. ಹಾಗೆಂದು ಅಲ್ಲಿ ಅನಾಫಿಲಿಸ್ ಸೊಳ್ಳೆ ಇಲ್ಲವೆಂದಲ್ಲ. ಸೊಳ್ಳೆ ಇದೆ, ಅದು ಹೊತ್ತು ತರುವ ರೋಗಾಣು ಇಲ್ಲ, ಅಷ್ಟೆ.

ಈಗ ಅಲ್ಲಿ ಜನರನ್ನು ಕಾಡುತ್ತಿರುವುದು ಇನ್ನೊಂದು ಸೊಳ್ಳೆ, ಈಡಿಸ್. ಕಪ್ಪು ಮೈ, ಕಾಲಿಗೆ ಬಿಳಿ ಪಟ್ಟೆ. ಇದು ಹರಡುವುದು ಡೆಂಗಿ ಜ್ವರವನ್ನು. ಇದಕ್ಕೆ ನದಿ ಬೇಡ. ತೆಂಗಿನ ಚಿಪ್ಪು, ಹಳೆಯ ಟಯರು, ಹೂಕುಂಡದ ತಟ್ಟೆ, ನೀರಿನ ತೊಟ್ಟಿ ಇವೇ ಸಾಕು. ನೀರಿನ ಅಂಚಿಗೆ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಮೊಟ್ಟೆಗಳನ್ನು ಅಂಟಿಸುತ್ತದೆ. ನೀರು ಒಣಗಿದರೂ ಮೊಟ್ಟೆ ತಿಂಗಳುಗಟ್ಟಲೆ ಸಾಯದು. ಮಳೆ ಬಂದು ನೀರು ಮೇಲೇರಿತೋ, ಒಡೆದು ಮರಿ ಹೊರಬರುತ್ತದೆ. ಶ್ರೀಲಂಕಾದಲ್ಲಿ ಮುಂಗಾರು ಮತ್ತು ಹಿಂಗಾರು ಎರಡೂ ಸುರಿಯುವುದರಿಂದ ಡೆಂಗಿಯೂ ವರ್ಷಕ್ಕೆ ಎರಡು ಬಾರಿ ಏರುತ್ತದೆ: ಜೂನ್, ಜುಲೈ ಹೊತ್ತಿಗೆ ಒಮ್ಮೆ, ವರ್ಷದ ಕೊನೆಗೆ ಮತ್ತೊಮ್ಮೆ. 2017ರಲ್ಲಿ 1,80,000ಕ್ಕೂ ಹೆಚ್ಚು ಜನರಿಗೆ ಡೆಂಗಿ ತಗಲಿತು.

ಈ ಎರಡೂ ಗುಂಪಿನ ಸೊಳ್ಳೆಗಳು ನಮ್ಮ ಕರ್ನಾಟಕದಲ್ಲಿಯೂ ಇವೆ. ಕಚ್ಚುವುದು ಹೆಣ್ಣು ಮಾತ್ರ, ಮೊಟ್ಟೆ ಬೆಳೆಯಲು ಅದಕ್ಕೆ ರಕ್ತ ಬೇಕು. ಆದರೆ ಕಚ್ಚುವ ಹೊತ್ತು ಬೇರೆ ಬೇರೆ. ಅನಾಫಿಲಿಸ್ ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಆದ್ದರಿಂದ ರಾತ್ರಿ ಸೊಳ್ಳೆ ಪರದೆಯೊಳಗೆ ಮಲಗಬೇಕು. ಈಡಿಸ್ ಹಗಲುಗಳ್ಳ! ಬೆಳಿಗ್ಗೆ ಮತ್ತು ಸಂಜೆ ಕತ್ತಲಾಗುವ ಮೊದಲು ಅದರ ಹಾವಳಿ ಜೋರು. ನೀವು ಶಾಲೆಯಲ್ಲಿ ಕುಳಿತಿರುವಾಗಲೂ ಕಚ್ಚಬಹುದು. ತುಂಬುತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ತೊಡಿ. ಮನೆಯಲ್ಲಿ ತಮ್ಮನೋ ತಂಗಿಯೋ ಹಗಲು ತೊಟ್ಟಿಲಲ್ಲಿ ಮಲಗಿದ್ದರೆ ಅದಕ್ಕೂ ಪರದೆ ಕಟ್ಟಲು ಅಮ್ಮನಿಗೆ ಹೇಳಿ.

ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಬೇಕು. ವಾರಕ್ಕೊಮ್ಮೆ ತೊಟ್ಟಿ, ಡ್ರಮ್ಮುಗಳನ್ನು ಖಾಲಿ ಮಾಡಿದರೆ ಮರಿಗಳಿಗೆ ರೆಕ್ಕೆ ಬರುವುದೇ ಇಲ್ಲ. ಬರೀ ನೀರು ಚೆಲ್ಲಿದರೆ ಸಾಲದು, ತೆಂಗಿನ ನಾರಿನಿಂದ ಒಳಗೋಡೆಯನ್ನು ಚೆನ್ನಾಗಿ ಉಜ್ಜಬೇಕು. ಏಕೆಂದು ಈಗ ನೀವೇ ಹೇಳಬಲ್ಲಿರಿ.

ಮಾಡಿ ನೋಡಿ: ಶಿಕ್ಷಕರ ಜೊತೆ ಶಾಲೆಯ ಸುತ್ತ ನೀರು ನಿಂತ ಜಾಗಗಳನ್ನು ಹುಡುಕಿ. ಮರಿಗಳಿರುವ ನೀರನ್ನು ಒಂದು ಗಾಜಿನ ಲೋಟಕ್ಕೆ ತೆಗೆದುಕೊಂಡು ಅಲುಗಾಡಿಸದೆ ಗಮನಿಸಿ. ಮರಿ ನೀರಿನ ಮೇಲ್ಮೈಗೆ ಒತ್ತಿಕೊಂಡು ಅಡ್ಡಲಾಗಿ ಮಲಗಿದ್ದರೆ ಅದು ಅನಾಫಿಲಿಸ್. ಬಾಲದ ಕಡೆಯ ಉಸಿರಾಟದ ಕೊಳವೆಯನ್ನು ಮೇಲಕ್ಕೆ ಚಾಚಿ ತಲೆಕೆಳಗಾಗಿ ಜೋತಾಡುತ್ತಿದ್ದರೆ ಈಡಿಸ್ ಅಥವಾ ಕೊಳಚೆ ನೀರಿನ ಕ್ಯೂಲೆಕ್ಸ್. ಚಿತ್ರ ಬರೆದುಕೊಂಡು, ಅಂದೇ ಆ ನೀರನ್ನು ಬಿಸಿಲಿನಲ್ಲಿ ಒಣನೆಲದ ಮೇಲೆ ಚೆಲ್ಲಿಬಿಡಿ.