ಕಣ್ಣಿಗೆ ಕಾಣದ ಜೀವಿ: ಅದು ಬರುವ ದಾರಿ, ನಾವು ಕಟ್ಟುವ ತಡೆ



ಕೆರೆಯಂಚಿನ ನಿಂತ ನೀರಿನ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರಲ್ಲಿ ಒಂದು ಸಣ್ಣ ಲೋಕವೇ ಕಾಣುತ್ತದೆ. ಒಂದು ಜೀವಿ ಚಪ್ಪಲಿಯ ಅಟ್ಟೆಯಂತಿದ್ದು ಸರ್ರನೆ ಓಡುತ್ತದೆ. ಇನ್ನೊಂದು, ಚೆಲ್ಲಿದ ಗಂಜಿಯಂತೆ ಆಕಾರ ಬದಲಿಸುತ್ತ ಮೆಲ್ಲಗೆ ಹರಿಯುತ್ತದೆ. ನಮ್ಮ ದೇಹ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಇವುಗಳಿಗಾದರೋ ಇಡೀ ದೇಹವೇ ಒಂದು ಕೋಶ. ಇವನ್ನು ಏಕಕೋಶಜೀವಿಗಳು ಅಥವಾ ಪ್ರೋಟೋಜೋವ ಎನ್ನುತ್ತಾರೆ. ಹೆಚ್ಚಿನವು ಒಂದು ಸೀಳಿ ಎರಡಾಗಿ, ಎರಡು ನಾಲ್ಕಾಗಿ ಬೆಳೆಯುತ್ತವೆ.

ಇವೆಲ್ಲವೂ ನಮ್ಮ ಶತ್ರುಗಳಲ್ಲ. ನಿಮ್ಮ ಹಸುವಿನ ಮೊದಲ ಹೊಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಪ್ರೋಟೋಜೋವಗಳಿದ್ದು ಹುಲ್ಲನ್ನು ಜೀರ್ಣಿಸಲು ನೆರವಾಗುತ್ತವೆ. ಕೆಲವು ಜಾತಿಗಳು ಮಾತ್ರ ಮನುಷ್ಯನ ಅಥವಾ ದನದ ದೇಹ ಹೊಕ್ಕು ಅದನ್ನೇ ಉಂಡು ಬದುಕುತ್ತವೆ. ಇವೇ ಪರೋಪಜೀವಿಗಳು.

ಒಂದು ಮಾತನ್ನು ಮನಸ್ಸಿನಲ್ಲಿಡಿ. ಈ ಪರೋಪಜೀವಿಗಳು ತಾವಾಗಿ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆದು ಬರಲಾರವು. ಅವನ್ನು ಯಾರಾದರೂ ಹೊತ್ತು ತರಬೇಕು. ಹೊತ್ತು ತರುವವರನ್ನು ತಡೆದರೆ ರೋಗವೂ ನಿಲ್ಲುತ್ತದೆ. ಅಂಥ ಮೂರು ದಾರಿಗಳನ್ನು ಇಲ್ಲಿ ನೋಡೋಣ.

ಮೊದಲನೆಯ ದಾರಿ: ನೀರು ಮತ್ತು ಕೈ

ಆಮಶಂಕೆ ತರುವ ಅಮೀಬ ಕರುಳಿನಲ್ಲಿ ಹುಣ್ಣು ಮಾಡುತ್ತದೆ. ಮಲದಲ್ಲಿ ರಕ್ತ, ಲೋಳೆ ಬೀಳುತ್ತವೆ. ಕೆಲವರಲ್ಲಿ ಇದು ಯಕೃತ್ತಿಗೂ ಹೋಗಿ ಕೀವುಗಟ್ಟುತ್ತದೆ. ಈ ಅಮೀಬ ಹೊರಬೀಳುವ ಮೊದಲು ತನ್ನ ಸುತ್ತ ಗಟ್ಟಿಯಾದ ಚಿಪ್ಪು ಕಟ್ಟಿಕೊಳ್ಳುತ್ತದೆ. ಚಿಪ್ಪಿನೊಳಗೆ ಅದು ತೇವವಾದ ಮಣ್ಣಿನಲ್ಲಿಯೂ ನೀರಿನಲ್ಲಿಯೂ ಬಹಳ ದಿನ ಬದುಕಬಲ್ಲದು. ನಲ್ಲಿಯ ನೀರಿಗೆ ಸೇರಿಸುವಷ್ಟು ಕ್ಲೋರಿನ್ನಿಗೆ ಅದು ಸುಲಭವಾಗಿ ಸಾಯದು. ನೀರನ್ನು ಚೆನ್ನಾಗಿ ಕುದಿಸಿದರೆ ಸಾಯುತ್ತದೆ.

ನಮ್ಮ ಭಾಗದಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ವರ್ತೂರು ಕೆರೆಗೆ ನಗರದ ಕೊಳಚೆ ನೀರು ದಶಕಗಳ ಕಾಲ ಹರಿದು ಬಂದಿದೆ. ಕೊಳಚೆ ಸೇರಿದ ನೀರಿನಲ್ಲಿ ಬೆಳೆದ ಸೊಪ್ಪು ನೋಡಲು ಹಸಿರಾಗಿದ್ದರೂ ಎಲೆಯ ಮೇಲೆ ಈ ಚಿಪ್ಪುಗಳು ಅಂಟಿರಬಹುದು. ಸೊಪ್ಪನ್ನು ಹಲವು ನೀರಿನಲ್ಲಿ ತೊಳೆದು ಬೇಯಿಸಿ ಉಣ್ಣಿ, ಹಸಿಯಾಗಿ ತಿನ್ನಬೇಡಿ. ಶೌಚದ ನಂತರ, ಮುದ್ದೆ ಮುರಿಯುವ ಮೊದಲು, ಸಾಬೂನಿನಿಂದ ಕೈ ತೊಳೆಯಿರಿ. ಅಡಿಗೆ ಮಾಡುವವರು ಇದನ್ನು ಮರೆತರೆ ಒಬ್ಬರ ಕಾಯಿಲೆ ಇಡೀ ಪಂಕ್ತಿಯ ಕಾಯಿಲೆಯಾಗುತ್ತದೆ.

ಎರಡನೆಯ ದಾರಿ: ಸೊಳ್ಳೆ

1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾವೈದ್ಯರು ಬೆಂಗಳೂರಿಗೆ ಬಂದರು. ಅವರ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ಬಹಳವಾಗಿತ್ತು. ಹುಡುಕಿ ನೋಡಿದಾಗ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳು ತುಂಬಿದ್ದುವು. ತೊಟ್ಟಿಯ ನೀರು ಚೆಲ್ಲಿಸಿದರು, ಕಾಟ ಕಡಿಮೆಯಾಯಿತು. ಅದೇ ರಾಸ್ ಅವರು 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಅನಾಫಿಲಿಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರೋಪಜೀವಿಯನ್ನು ಕಂಡುಹಿಡಿದರು. 1902ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅಷ್ಟು ದೊಡ್ಡ ಶೋಧನೆಯಿಂದ ನಮಗೆ ಸಿಕ್ಕ ಪಾಠ ಬೆಂಗಳೂರಿನ ಆ ತೊಟ್ಟಿಯ ಪಾಠವೇ.

ಹೆಣ್ಣು ಅನಾಫಿಲಿಸ್ ರೋಗಿಯನ್ನು ಕಚ್ಚಿದಾಗ ಪರೋಪಜೀವಿ ಅದರ ಹೊಟ್ಟೆ ಸೇರುತ್ತದೆ. ಅಲ್ಲಿ ಸುಮಾರು ಎರಡು ವಾರ ಬೆಳೆದು ಜೊಲ್ಲಿಗೆ ಬರುತ್ತದೆ. ಆಮೇಲೆ ಕಚ್ಚಿಸಿಕೊಂಡವರ ಯಕೃತ್ತಿಗೂ ಅಲ್ಲಿಂದ ರಕ್ತಕ್ಕೂ ಇಳಿದು ಚಳಿಜ್ವರ ತರುತ್ತದೆ. ಫಾಲ್ಸಿಪಾರಂ ಎಂಬ ಜಾತಿಯದಾದರೆ ತಡಮಾಡಿದಲ್ಲಿ ಪ್ರಾಣವೇ ಹೋಗಬಹುದು. ವೈವಾಕ್ಸ್ ಎಂಬ ಜಾತಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಏಳುತ್ತದೆ. ಆದ್ದರಿಂದ ಜ್ವರ ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ವೈದ್ಯರು ಹದಿನಾಲ್ಕು ದಿನ ಎಂದಿದ್ದರೆ ಹದಿನಾಲ್ಕು ದಿನವೂ ನುಂಗಿ. ಗರ್ಭಿಣಿಯರೂ ಹಸುಗೂಸಿನ ತಾಯಂದಿರೂ ಇದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ಅವರ ಮಾತ್ರೆಯ ಕ್ರಮ ಬೇರೆ.

ಕಾಡುಗೋಡಿಯಿಂದ ರೈಲು ಹತ್ತಿ ಬಂಗಾರಪೇಟೆಯನ್ನು ದಾಟಿದರೆ ಕಾಮಸಮುದ್ರ ಸಿಗುತ್ತದೆ. ಅದರ ಸುತ್ತಲಿನ ಹಳ್ಳಿಗಳಲ್ಲಿ ಬಾವಿ, ಕುಂಟೆಗಳೇ ಮಲೇರಿಯಾ ಸೊಳ್ಳೆಯ ತವರಾಗಿದ್ದುವು. 1990ರ ದಶಕದಲ್ಲಿ ಮಲೇರಿಯಾ ಸಂಶೋಧನಾ ಕೇಂದ್ರದವರು ಬಾವಿಗಳಿಗೆ ಗಪ್ಪಿ ಮೀನನ್ನೂ ಕುಂಟೆಗಳಿಗೆ ಗಂಬೂಸಿಯ ಮೀನನ್ನೂ ಬಿಟ್ಟರು. ಮೀನು ಮರಿಗಳನ್ನು ತಿಂದಿತು, ಸೊಳ್ಳೆ ಇಳಿಯಿತು, ಜ್ವರವೂ ಇಳಿಯಿತು. ಇಂಥ ಮೀನನ್ನು ಆರೋಗ್ಯ ಇಲಾಖೆಯವರ ಸಲಹೆಯಂತೆ ಬಾವಿ, ತೊಟ್ಟಿಗಳಿಗೆ ಮಾತ್ರ ಬಿಡಬೇಕು. ಕೆರೆ, ಹೊಳೆಗೆ ಬಿಟ್ಟರೆ ಅವು ನಮ್ಮ ನಾಡಮೀನುಗಳಿಗೆ ಹಾನಿ ಮಾಡುತ್ತವೆ.

ಕಾಡುಗೋಡಿಯ ಸುತ್ತ ಈಗ ಬಾವಿಗಳಿಗಿಂತ ಕಟ್ಟಡಗಳು ಹೆಚ್ಚು. ಸಿಮೆಂಟಿನ ತೊಟ್ಟಿ, ಪಾಯದ ಗುಂಡಿ, ಮಾಳಿಗೆಯ ಟ್ಯಾಂಕು ಇವುಗಳ ತಿಳಿನೀರೇ ಪಟ್ಟಣದ ಮಲೇರಿಯಾ ಸೊಳ್ಳೆಗೆ ಬೇಕಾದ್ದು. ದೂರದ ಊರಿನಿಂದ ದುಡಿಯಲು ಬಂದವನಿಗೆ ಜ್ವರವಿದ್ದರೆ ಅವನನ್ನು ದೂಷಿಸಬೇಡಿ, ರಕ್ತಪರೀಕ್ಷೆಗೆ ಕರೆದೊಯ್ಯಿರಿ. ಅವನ ಪಕ್ಕದಲ್ಲಿ ಕುಳಿತರೆ ಮಲೇರಿಯಾ ಅಂಟದು. ನಡುವೆ ಸೊಳ್ಳೆ ಇದ್ದರೆ ಮಾತ್ರ ಅದು ನಿಮ್ಮ ಮಗುವಿಗೆ ದಾಟುತ್ತದೆ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಬೇಕು. ವಾರಕ್ಕೊಮ್ಮೆ ತೊಟ್ಟಿ ಬರಿದುಮಾಡಿ ಉಜ್ಜಿ ಒಣಗಿಸಿದರೆ ಅದು ಎಂದೂ ಸೊಳ್ಳೆಯಾಗದು.

ಮೂರನೆಯ ದಾರಿ: ಉಣ್ಣೆ

ಸೀಮೆಹಸುವಿಗೆ ಇದ್ದಕ್ಕಿದ್ದಂತೆ ವಿಪರೀತ ಜ್ವರ ಬಂದು, ಹೆಗಲ ಮುಂದಿನ ಗಂಟು ಊದಿಕೊಂಡು, ಹಾಲು ಬತ್ತಿ, ಒಸಡು ಬಿಳುಚಿದರೆ ಅದು ದೃಷ್ಟಿ ತಗುಲಿದ್ದಲ್ಲ. ಥೈಲೇರಿಯ ಎಂಬ ಪರೋಪಜೀವಿಯ ಕೆಲಸವಿರಬಹುದು. ಎಳೆಯ ಉಣ್ಣೆ ಒಂದು ದನದ ರಕ್ತದೊಡನೆ ಅದನ್ನು ಹೀರುತ್ತದೆ. ಪೊರೆ ಕಳಚಿ ದೊಡ್ಡದಾದ ಮೇಲೆ ಇನ್ನೊಂದು ದನವನ್ನು ಕಚ್ಚಿ ಅದಕ್ಕೆ ದಾಟಿಸುತ್ತದೆ. ನಾಟಿ ದನಗಳು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ; ಸೀಮೆಹಸುಗಳೂ ಮಿಶ್ರತಳಿಗಳೂ ಬೇಗ ಸೋಲುತ್ತವೆ. ಸಾಲ ಮಾಡಿ ತಂದ ಹಸು ಹೀಗೆ ಸತ್ತರೆ ಮನೆಯ ಹಾಲೂ ಹೋಯಿತು, ಸಾಲವೂ ಉಳಿಯಿತು.

ಇದಕ್ಕೆ ಒಳ್ಳೆಯ ಚುಚ್ಚುಮದ್ದು ಇದೆ. ಆದರೆ ಮೊದಲ ದಿನಗಳಲ್ಲಿಯೇ ಕೊಡಿಸಬೇಕು. ಉಣ್ಣೆಯನ್ನು ದನದ ಮೈಮೇಲೆ ಮಾತ್ರ ಹುಡುಕಿದರೆ ಸಾಲದು. ಅದು ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಅಡಗಿ ಮೊಟ್ಟೆ ಇಡುತ್ತದೆ. ಬಿರುಕುಗಳನ್ನು ಗಾರೆಯಿಂದ ಮುಚ್ಚಿ, ಸುಣ್ಣ ಬಳಿಯಿರಿ. ಹೊಸದಾಗಿ ಕೊಂಡ ದನವನ್ನು ಕೆಲವು ದಿನ ಬೇರೆ ಕಟ್ಟಿ, ಕಿವಿ, ಕೆಚ್ಚಲು, ಬಾಲದ ಬುಡ ಪರೀಕ್ಷಿಸಿ. ಔಷಧ ಬಳಿಯುವಾಗ ಪಶುವೈದ್ಯರು ಹೇಳಿದ ಪ್ರಮಾಣವನ್ನು ಮೀರಬೇಡಿ.

ಈ ವಾರವೇ ಮಾಡಿ

1. ಒಂದು ದಿನ ಗೊತ್ತುಮಾಡಿ, ಊರಿನವರೆಲ್ಲ ಅದೇ ದಿನ ತೊಟ್ಟಿ, ಬಾನಿ, ಟ್ಯಾಂಕುಗಳನ್ನು ಬರಿದುಮಾಡಿರಿ. ಒಂದು ಮನೆಯವರು ಬಿಟ್ಟರೂ ಸೊಳ್ಳೆಗೆ ಅಷ್ಟೇ ಸಾಕು.

2. ಚಳಿಜ್ವರ ಬಂದ ದಿನವೇ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿ. ಮಲೇರಿಯಾ ಪರೀಕ್ಷೆಗೂ ಚಿಕಿತ್ಸೆಗೂ ಅಲ್ಲಿ ಹಣವಿಲ್ಲ.

3. ಕುಡಿಯುವ ನೀರನ್ನು ಕುದಿಸಿ, ಮುಚ್ಚಿಡಿ.

4. ಕೊಟ್ಟಿಗೆಯ ಗೋಡೆಯನ್ನು ದೀಪ ಹಿಡಿದು ನೋಡಿ.

ಶತ್ರು ಕಣ್ಣಿಗೆ ಕಾಣದಿರಬಹುದು. ಅದು ಬರುವ ತೊಟ್ಟಿ, ಕೈ, ಬಿರುಕು ಕಣ್ಣಿಗೆ ಕಾಣುತ್ತವೆ. ಕಂಡದ್ದನ್ನು ಇಂದೇ ಸರಿಪಡಿಸೋಣ.